ಸುಣ್ಣ ಬಳಿದ ತೆಂಗು

ಮಾಯಾಬಂದರ್
14 ನವೆಂಬರ್ 1991

ಮುದ್ದು ಮಗಳು ಎವಾಳಿಗೆ,

ಅಷ್ಟರಲ್ಲಿ ಹಡಗಿನ ಹಗ್ಗ ಬಿಚ್ಚಿಬಿಟ್ಟರು ನೋಡು, ಇಲ್ಲದಿದ್ದರೆ ನಿನ್ನೆ ಜೆಟ್ಟಿಯಲ್ಲೇ ಹೇಳುತ್ತಿದ್ದೆ. ಸುಳ್ಳು. ಹೇಳುತ್ತಿರಲಿಲ್ಲ. ನೀನು ಕೇಳಿದ್ದು ಮಾತ್ರ ಕಿವಿಯಲ್ಲೇ ಇದೆ: "ಪಾ, ಮಾವ ಸತ್ತ ದಿನ ನೀನು ಕುಡಿದಿದ್ದೆಯಾ? ಇವತ್ತಾದ್ರೂ ಹೇಳು. ಹೇಳಲ್ಲ ಅಂದ್ರೆ ಈ ಜೆಟ್ಟಿಗೆ ನಾನು ಮತ್ತೆ ಇಳಿಯಲ್ಲ."

ಹಡಗು ತಿರುವು ದಾಟುವವರೆಗೂ ನಿಂತಿದ್ದೆ. ಮನೆಗೆ ಬಂದು ನೀನು ಮಾಡಿಟ್ಟಿದ್ದ, ಸಿಗಡಿ ಹುದುಗಿಸಿದ ನಪ್ಪಿ ಚಟ್ನಿಯಲ್ಲಿ ಅನ್ನ ಉಂಡೆ. ಖಾರ ಹೆಚ್ಚಾಗಿತ್ತು. ನಿನ್ನ ಅಮ್ಮನದೂ ಇದೇ ಕೈ.

ನನ್ನ ಅಜ್ಜ ಬರ್ಮಾದಿಂದ ಬಂದಾಗ ಇಲ್ಲಿ ಕಾಡು ಬಿಟ್ಟರೆ ಬೇರೇನೂ ಇರಲಿಲ್ಲ. ಮನೆ ಕಟ್ಟುವ ಮೊದಲು ಅವರು ದಡದಲ್ಲಿ ಒಂದು ತೆಂಗು ನೆಟ್ಟರಂತೆ. ಅದು ಬೆಳೆದ ಮೇಲೆ ಪ್ರತಿ ವರ್ಷ ಕಪ್ಪೆಚಿಪ್ಪು ಸುಟ್ಟು ಮಾಡಿದ ಸುಣ್ಣವನ್ನು ಅದರ ಕಾಂಡಕ್ಕೆ ಬಳಿಯುವುದು ನಮ್ಮ ಮನೆತನದ ಕೆಲಸವಾಯಿತು. ಸಮುದ್ರದಿಂದ ಬರುವವನಿಗೆ ಆ ಬಿಳಿ ತೆಂಗೂ ಹಿಂದಿನ ಗುಡ್ಡದ ಒಂಟಿ ಪಡೌಕ್ ಮರವೂ ಒಂದರ ಹಿಂದೆ ಒಂದು ನಿಂತರೆ ಅದೇ ದಾರಿ. ಹತ್ತು ಹೆಜ್ಜೆ ಆಚೀಚೆಯಾದರೆ ಹವಳದ ಬಂಡೆ. ಕಲ್ಕತ್ತೆಯಲ್ಲಿ ಎರಡು ವರ್ಷ ಕಾಲೇಜು ಓದಿದೆ, ಕ್ಯಾಪ್ಟನ್ ಆದೆ, ನಕ್ಷೆ ಓದಲು ಕಲಿತೆ. ಆದರೂ ಮನೆಗೆ ಬರುವಾಗ ನಕ್ಷೆ ಬಿಡಿಸಿದವನಲ್ಲ. ಅಜ್ಜನ ಮರ ಇರುವಾಗ ನಕ್ಷೆ ಯಾಕೆ ಎಂಬ ಜಂಬ.

ಆ ವರ್ಷ, ನಿನಗೆ ಒಂಬತ್ತು. ಅಕ್ಕಿ ಹೇರಿಕೊಂಡು ಸಂಜೆಯ ಹೊತ್ತಿಗೆ ಬಂದೆವು. ತುಂತುರು, ಮಬ್ಬು. ಇಂಜಿನ್ ಕೋಣೆಯಿಂದ ನಿನ್ನ ಮಾವ ಕ್ಲೇ ಟೂ ಕೂಗಿದ: "ಭಾವ, ಬೇಗ ಬಿಡು, ಅಕ್ಕ ಮೀನು ಕಾಯಿಸಿ ಇಟ್ಟಿರ್ತಾಳೆ." ಬಿಳಿ ಮರ ಕಂಡಿತು. ಗುಡ್ಡದ ಮರದ ನೇರಕ್ಕೆ ತಂದು ನಿಲ್ಲಿಸಿದೆ. ಎಂದಿನಂತೆ ನುಗ್ಗಿಸಿದೆ. ತಳ ಹರಿಯಿತು. ನಾವು ಐವರು ಈಜಿ ದಡ ಸೇರಿದೆವು. ಕ್ಲೇ ಟೂ ಕೆಳಗಿದ್ದ.

ದಡದಲ್ಲಿ ನಿನ್ನ ಅಮ್ಮ ನನ್ನ ತೋಳು ಹಿಡಿದಳು. ತಮ್ಮ ಬರಲಿಲ್ಲ ಎಂದು ಅವಳಿಗೆ ಇನ್ನೂ ತಿಳಿದಿರಲಿಲ್ಲ. "ಮೊನ್ನೆ ಗಾಳಿಗೆ ಅಜ್ಜನ ಮರ ಬಿತ್ತು. ನಿಮಗೆ ದಾರಿ ತಪ್ಪಬಾರದು ಅಂತ ಬೆಳಿಗ್ಗೇನೇ ಪಕ್ಕದ ಮರಕ್ಕೆ ಸುಣ್ಣ ಬಳಿದೆನಲ್ಲ. ಕಾಣಲಿಲ್ವಾ?" ಎಂದಳು.

ಎವಾ, ಆ ಗಳಿಗೆಯಲ್ಲಿ ನೀನಾಗಿದ್ದರೆ ಏನು ಹೇಳುತ್ತಿದ್ದೆ?

"ಕುಡಿದಿದ್ದೆ, ಮೂ ಪೋ. ಯಾವ ಮರಾನೂ ಕಾಣಲಿಲ್ಲ" ಎಂದೆ. ಅವಳು ತೋಳು ಬಿಟ್ಟಳು. ಕತ್ತಲಾಗುವ ಮೊದಲು ಹೋಗಿ ಕತ್ತಿಯಿಂದ ಆ ಸುಣ್ಣವನ್ನೆಲ್ಲ ಹೆರೆದು ಹಾಕಿದೆ.

ವಿಚಾರಣೆಯಲ್ಲೂ ಅದನ್ನೇ ಹೇಳಿದೆ. ಇಂಥದ್ದಕ್ಕೆ ಇಂಗ್ಲಿಷಿನಲ್ಲಿ ಒಂದು ಪದವಿದೆ, ಆಲಿಬೈಯೋ ಅಲಿಮನಿಯೋ. ಎರಡರಲ್ಲಿ ಒಂದು ಗಂಡ ಹೆಂಡತಿ ಬೇರೆಯಾದಾಗ ಕೊಡುವುದು. ಇರಲಿ. ಲೈಸೆನ್ಸ್ ಹೋಯಿತು. ಚರ್ಚಿನಲ್ಲಿ ಹಿಂದಿನ ಬೆಂಚಾಯಿತು. "ಅಜ್ಜ ಸಮುದ್ರ ದಾಟಿ ಬಂದು ಊರು ಕಟ್ಟಿದ, ಮೊಮ್ಮಗ ಮನೆ ಮುಂದೇನೇ ಹಡಗು ಮುಳುಗಿಸಿದ" ಎಂದು ಬಲೆ ಹೆಣೆಯುವವರು ನನಗೆ ಕೇಳುವಂತೆಯೇ ಹೇಳುತ್ತಿದ್ದರು. ನೀನೂ ಕೇಳಿದ್ದೀಯ. ಆಮೇಲೆ ನೀನು ನನ್ನ ಕೈ ಹಿಡಿದು ನಡೆಯುವುದನ್ನು ಬಿಟ್ಟೆ. ಅದೊಂದು ಕಷ್ಟವಾಯಿತು, ಉಳಿದದ್ದು ಸಹಿಸಿದೆ.

ಅಮ್ಮ ಒಂದು ವರ್ಷ ನನ್ನೊಡನೆ ಮಾತಾಡಲಿಲ್ಲ. ಆಮೇಲೊಂದು ದಿನ ತಾನಾಗಿಯೇ ಎಲೆ ಅಡಿಕೆ ಮಡಿಸಿ ಕೈಗಿಟ್ಟಳು. ಯಾಕೆ ಎಂದು ನಾನು ಕೇಳಲಿಲ್ಲ. ಆಮೇಲೆ ಒಂದು ಸಂಜೆಯೂ ತಪ್ಪಿಸಲಿಲ್ಲ.

ಈಗ ಹೇಳಿದ್ದೇನೆ. ಬರುವುದು ಬಿಡುವುದು ನಿನ್ನದು. ಅಮ್ಮನ ಮೇಲೆ ಮಾತ್ರ ಸಿಟ್ಟಾಗಬೇಡ. ಅವಳು ದಾರಿ ತೋರಿಸಲು ಹೋದವಳು. ಅವಳ ಅಡಿಕೆ ಪೆಟ್ಟಿಗೆ ಕೊಡಲಿಲ್ಲ ಎಂದು ಮೊನ್ನೆ ಮುಖ ಊದಿಸಿಕೊಂಡೆಯಲ್ಲ, ಮುಂದಿನ ಹಡಗಿಗೆ ಕಳಿಸುತ್ತೇನೆ.

ಇನ್ನೂ ಏನೋ ಬರೆಯುವುದಿತ್ತು. ಗುಡ್ಡದ ಮರ ಕಪ್ಪಾಗುತ್ತಿದೆ, ಬರೆದ ಸಾಲು ಸಾಲಿನ ಮೇಲೆ ಹತ್ತುತ್ತಿದೆ. ನಿಲ್ಲಿಸುತ್ತೇನೆ.

ನಿನ್ನ ಪಾ,
ಸಾ ಥಾ ಗೇ

ಮರೆತಿದ್ದೆ: ಪೆಟ್ಟಿಗೆಯಲ್ಲಿ ಸುಣ್ಣದ ಬಟ್ಟಲಿನ ಕೆಳಗೆ ಒಂದು ಬಟ್ಟೆಯ ಗಂಟಿದೆ. ಕಸವೆಂದು ಎಸೆಯಬೇಡ. ತೆಂಗಿನ ತೊಗಟೆಯ ಚೂರುಗಳು, ಒಂದು ಮಗ್ಗುಲು ಬಿಳಿ. ಅಂದು ಸಂಜೆ ನಾನು ಹೆರೆದದ್ದನ್ನು ಅವಳು ಆಯ್ದಿಟ್ಟಿದ್ದಾಳೆ. ಅದು ನನ್ನ ಕೈಗೆ ಸಿಕ್ಕಾಗ ಅವಳನ್ನು ಮಣ್ಣು ಮಾಡಿ ಏಳು ದಿನವಾಗಿತ್ತು. ಅಷ್ಟು ವರ್ಷವೂ ಅದೇ ಪೆಟ್ಟಿಗೆಯಿಂದ ಸುಣ್ಣ ತೆಗೆದು ನನಗೆ ಎಲೆ ಮಡಿಸಿ ಕೊಟ್ಟಿದ್ದಳು.