ಬೈ-ಟು ಕೇಳಿದರೆ ಯಂತ್ರ ಕೊಟ್ಟವರಿಗೆ

ಮಾನ್ಯ ಮಾನವ ಸಂಪನ್ಮೂಲ ಅಧಿಕಾರಿಗಳೇ,

ನಮ್ಮ ಬೈ-ಟು ಕಾಫಿಯನ್ನು ಕೊಂದವರು ನೀವು. ಸದುದ್ದೇಶದಿಂದಲೇ ಕೊಂದಿರಿ, ಗೊತ್ತು. ಆದರೂ ಸತ್ತದ್ದು ಸತ್ತದ್ದೇ.

"ಕೆಲಸಕ್ಕೆ ಬರಲು ನಿಮ್ಮನ್ನು ಹುರಿದುಂಬಿಸುವುದು ಯಾವುದು?" ಎಂದು ಪೀಣ್ಯದ ನಮ್ಮ ಕಾರ್ಖಾನೆಯವರನ್ನೆಲ್ಲ ಕೂರಿಸಿ ಕೇಳಿದಿರಿ. "ಬೈ-ಟು ಸಾರ್" ಎಂದೆವು. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿಕೊಂಡು ಕುಡಿಯುವವರನ್ನು ನೆನೆದು ನಿಮ್ಮ ಕರುಳು ಚುರ್ ಎಂದಿತು. ಪಾಪ, ಇವರಿಗೆ ಕಾಫಿ ಸಾಲುತ್ತಿಲ್ಲ! ಕ್ಯಾಂಟೀನಿನ ಶಶಿಕುಮಾರನ ಫಿಲ್ಟರ್ ಮೂಲೆ ಸೇರಿತು, ಯಂತ್ರ ಬಂತು. ಕಾರ್ಡ್ ತೋರಿಸಿದರೆ ತಲೆಗೊಂದು ಫುಲ್ ಕಪ್. ನೂಕುನುಗ್ಗಲಾಗಬಾರದೆಂದು ವಿಭಾಗಕ್ಕೊಂದು ಬಿಡುವಿನ ವೇಳೆ ಬೇರೆ. ಗಣಪತಿಯನ್ನು ಮಾಡಿ ಎಂದರೆ ಅವರಪ್ಪನನ್ನು ಮಾಡುವುದು ಇದಕ್ಕೇ ಅಲ್ಲವೇ?

ಸ್ವಾಮಿ, ಬೈ-ಟುವಿನಲ್ಲಿ ಕಾಫಿ ಬರೀ ನೆಪ. ನಾನು ತಪಾಸಣೆಯವಳು, ಭದ್ರಮ್ಮ ಪ್ಯಾಕಿಂಗಿನವಳು. ಅವಳು ಕಟ್ಟಿದ ಡಬ್ಬವನ್ನು ನಾನು ಬಿಚ್ಚಿಸುತ್ತೇನೆ. ಬೆಳಗಿನಿಂದ ಕಚ್ಚಾಡಿದರೂ, ಲೋಟ ಹಿಡಿದು ಅತ್ತೆ, ನಾದಿನಿ, ಸೂಪರ್‌ವೈಸರ್ ಮೂವರನ್ನೂ ಆಡಿಕೊಳ್ಳುವಷ್ಟರಲ್ಲಿ ಸಿಟ್ಟು ಇಳಿದಿರುತ್ತಿತ್ತು. ಬೈ-ಟುವಿನ ಲೋಟಗಳು ಎಂದೂ ಸಮ ಇರುವುದಿಲ್ಲ. ಜಾಸ್ತಿಯಿರುವುದನ್ನು ಅವಳು ನನ್ನ ಕಡೆಗೇ ತಳ್ಳುತ್ತಿದ್ದಳು. ನಿಮ್ಮ ಯಂತ್ರಕ್ಕೆ ಹಾಗೆ ತಳ್ಳಲು ಬರುತ್ತದೆಯೇ?

ಈಗ ಅವಳ ಬಿಡುವು ಮುಗಿದ ಮೇಲೆ ನನ್ನದು. ಗೋಡೆ ನೋಡಿಕೊಂಡು ಫುಲ್ ಕಪ್ ಕುಡಿಯುತ್ತೇನೆ. ಎಲ್ಲರ ಮುಖವೂ ಜೋತುಬಿದ್ದದ್ದನ್ನು ಕಂಡು ನೀವು ಭಾಷಣಕಾರರೊಬ್ಬರನ್ನು ಕರೆಸಿದಿರಿ. ಅವರು "ನಾನು ಹುಲಿ, ನಾನು ಹುಲಿ" ಎಂದು ನಮ್ಮಿಂದ ಕೂಗಿಸಿದರು. "ಎಲ್ರೂ ಹುಲಿ ಆದ್ರೆ ಪ್ಯಾಕಿಂಗ್ ಯಾರ್ ಮಾಡ್ತಾರೆ ಸಾರ್?" ಎಂದಳು ಭದ್ರಮ್ಮ. ಅವರು ಇನ್ನೊಮ್ಮೆ ಚಪ್ಪಾಳೆ ತಟ್ಟಿಸಿದರು.

ಮೊನ್ನೆ ಗೇಟಿನ ಬಳಿ ಸಿಕ್ಕ ಭದ್ರಮ್ಮ ಈ ತಿಂಗಳಿಗೆ ಕೆಲಸ ಬಿಡುತ್ತೇನೆಂದಳು. ಅವಳ ಮನೆಯವರು ಇಲ್ಲಿನ ಹಳೇ ಊರಿನವರು. ಹೊಲವಿದ್ದಲ್ಲಿ ಈಗ ಸಾಲು ಮನೆ, ಬಾಡಿಗೆ ಬರುತ್ತದೆ. ಸಂಬಳ ನಂಬಿ ಬಂದವಳಲ್ಲ. "ಒಬ್ಳೇ ಕುಡಿಯೋ ಫುಲ್ ಕಾಫಿ ಮನೇಲೇ ಐತಲ್ಲೇ. ಅದ್ಕೆ ಇಲ್ಲಿಗಂಟ ಯಾಕ್ ಬರ್ಲಿ?" ಎಂದಳು. ಹುಲಿಯಾಗಿದ್ದರೂ ನನಗೆ ಅಳು ಬಂತು ಮಾನ್ಯರೇ.

ಆದ್ದರಿಂದ ನನ್ನ ಆಗ್ರಹ ಇಷ್ಟೇ: ಯಂತ್ರವನ್ನು ನಿಮ್ಮ ಕೊಠಡಿಗೇ ಸಾಗಿಸಿಕೊಳ್ಳಿ. ಶಶಿಕುಮಾರನ ಫಿಲ್ಟರನ್ನೂ ಎಲ್ಲರಿಗೂ ಒಟ್ಟಿಗಿದ್ದ ಬಿಡುವನ್ನೂ ಭದ್ರಮ್ಮ ಹೋಗುವ ಮುಂಚೆ ವಾಪಸ್ ಕೊಡಿ. ಅಂದ ಹಾಗೆ, ಗಾಜಿನ ಕೊಠಡಿಯಲ್ಲಿ ನೀವೂ ಒಬ್ಬರೇ ಕುಡಿಯುವುದನ್ನು ನಾವು ನೋಡಿದ್ದೇವೆ. ಕೆಳಗೆ ಬನ್ನಿ, ಎರಡು ಕಾಫಿ ಮೂರು ಲೋಟಕ್ಕೆ, ಟೂ-ಬೈ-ತ್ರೀ ಹೇಳೋಣ. ಜಾಸ್ತಿಯಿರುವ ಲೋಟ ನಿಮಗೇ.

ಇಂತಿ,
ಫುಲ್ ಕಪ್ ಹಿಡಿದು ನಿಂತಿರುವ ಅರ್ಧ ಜೋಡಿ,
ಜ್ಯೋತಿಲಕ್ಷ್ಮಿ, ತಪಾಸಣಾ ವಿಭಾಗ