ಅಮೆರಿಕದಲ್ಲಿ ನಾನು ಕೇಳಿದ ಕ್ಷಮೆ

ಸ್ಕೋಫೀಲ್ಡ್ಸ್, ಸಿಡ್ನಿ
14-6-2025, ಶನಿವಾರ

ಚಿರಂಜೀವಿ ಜಯೇಶನಿಗೆ ತಾಯಿಯ ಆಶೀರ್ವಾದ.

ಇಲ್ಲಿ ನಿನ್ನ ಅಕ್ಕನ ಮನೆಯಲ್ಲಿ ನಾನು ಆರೋಗ್ಯದಿಂದ ಇದ್ದೇನೆ. ನಿನ್ನ ಬೆನ್ನುನೋವು ಹೇಗಿದೆ? ಮೆಲ್ಬೋರ್ನಿನ ಚಳಿಗೆ ಕುತ್ತಿಗೆಗೆ ಏನಾದರೂ ಸುತ್ತಿಕೋ. ಸೊಸೆ ಭವ್ಯಶ್ರೀಗೆ ಏಳು ತಿಂಗಳು ತುಂಬುತ್ತಾ ಬಂತು, ಅವಳಿಂದ ಭಾರ ಎತ್ತಿಸಬೇಡ. ಫೋನಿನಲ್ಲಿ ಹೇಳಹೊರಟರೆ ನೀನು ನಡುನಡುವೆ ನಗುತ್ತೀ, ನನ್ನ ಮಾತು ಮುಗಿಯುವುದಿಲ್ಲ. ಅದಕ್ಕೇ ಈ ಕಾಗದ. ಕುಳಿತು ಓದು.

ನೀನು ಬರೆದ ಕಾಮಿಡಿ ಸೀರಿಯಲ್ಲನ್ನು ಅಮೆರಿಕದವರು ಹೊಸದಾಗಿ ಮಾಡಿದ್ದನ್ನು ಕಳೆದ ಭಾನುವಾರ ಎಲ್ಲರೂ ಕೂತು ನೋಡಿದೆವು. ಮೊದಲು ಲಂಡನ್ನಿನವರು ಮಾಡಿದಾಗಲೇ ನಾನು ಬೇಸರ ನುಂಗಿಕೊಂಡಿದ್ದೆ. ಸೊಸೆಯ ಬಾಣಂತನಕ್ಕೆ ಬಂದ ಉಡುಪಿಯ ಅತ್ತೆ, ಕಿಟಕಿ ಮುಚ್ಚಿಸುವವಳು, ಕಷಾಯ ಕುಡಿಸುವವಳು, ಮಗು ಎತ್ತಿಕೊಳ್ಳುವುದನ್ನು ನರ್ಸಿಗೇ ಕಲಿಸುವವಳು. ಎಲ್ಲರೂ ನಕ್ಕರು, ನಗಲಿ. ಆ ಹೆಂಗಸು ಕೊನೆಯ ಕಂತಿನವರೆಗೂ ತಲೆ ಎತ್ತಿಯೇ ನಡೆದಳು. ಅಷ್ಟರ ಮಟ್ಟಿಗೆ ಅವಳು ನಾನೇ. ಅಮೆರಿಕದವರಿಗೆಂದು ನೀನು ಅವಳನ್ನು ಬಿಳಿ ಹೆಂಗಸು ಮಾಡಿದೆ, ಕಷಾಯವನ್ನು ಕೋಳಿ ಸೂಪು ಮಾಡಿದೆ. ಅದನ್ನೂ ಸಹಿಸಿದೆ. ಆದರೆ ಹೊಗೆಯ ಕಂತನ್ನು ಸಹಿಸಲಾರೆ.

ಅದರಲ್ಲಿ ಅವಳು ಮೇಣದಬತ್ತಿ ಹಚ್ಚುತ್ತಾಳೆ, ಅಲಾರಂ ಹೊಡೆಯುತ್ತದೆ, ಕಟ್ಟಡದವರೆಲ್ಲ ರಸ್ತೆಗಿಳಿಯುತ್ತಾರೆ. ಅವಳು ಅಳುತ್ತಾ ಎಲ್ಲರೆದುರು ಸೊಸೆಯ ಕ್ಷಮೆ ಕೇಳುತ್ತಾಳೆ. ಮಗ ಇಬ್ಬರನ್ನೂ ಅಪ್ಪಿಕೊಂಡು ಸಮಾಧಾನ ಮಾಡುತ್ತಾನೆ. ನಿನ್ನ ಭಾವ ಕಣ್ಣೊರೆಸಿಕೊಂಡರು. ಎದುರು ಮನೆಯ ಅಣ್ಣು ಅಂಕಲ್ ನನ್ನ ಕಡೆ ತಿರುಗಿ, "ಪ್ರಫುಲ್ಲಕ್ಕ, ಕೊನೆಗೂ ಸಾರಿ ಕೇಳಿದ್ರಲ್ಲ! ಈಗ ಮನಸ್ಸು ಹಗುರ ಆಗಿರ್ಬೇಕು" ಎಂದರು. ನಾನು ಅವರ ಮುಂದಿದ್ದ ಗೋಳಿಬಜೆಯ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದೆ.

ನಡೆದದ್ದು ನಿನಗೆ ನೆನಪಿಲ್ಲವೇ? ಮೊದಲ ಬಾಣಂತನದಲ್ಲಿ, ಮೆಲ್ಬೋರ್ನಿನ ಬಾಕ್ಸ್ ಹಿಲ್‌ನ ನಿಮ್ಮ ಫ್ಲ್ಯಾಟಿನಲ್ಲಿ, ಮಿಂದ ಮಗುವಿನ ತಲೆ ಒಣಗಿಸಲು ಸಾಂಬ್ರಾಣಿ ಹಾಕಿ, ಬಾಲ್ಕನಿಯ ಬಾಗಿಲು ತೆರೆದಿಡು ಎಂದಿದ್ದೆ. "ಚಳಿ ಅಮ್ಮ, ಹೀಟರ್ ಸುಮ್ಮನೆ ವೇಸ್ಟ್" ಎಂದು ಮುಚ್ಚಿದವನು ನೀನು. ಅಲಾರಂ ಹೊಡೆದಾಗ ಲ್ಯಾಪ್‌ಟಾಪ್ ಹಿಡಿದುಕೊಂಡು ಮೊದಲು ಕೆಳಗಿಳಿದವನೂ ನೀನೇ. ಹಸಿ ಬಾಣಂತಿಯನ್ನು ಆನಿಸಿಕೊಂಡು, ಮಗುವನ್ನು ಸೆರಗಿನಲ್ಲಿ ಮುಚ್ಚಿ ಮೆಟ್ಟಿಲಿಳಿಸಿದವಳು ನಾನು. ಬೆಂಕಿ ಆರಿಸುವವರು ಗದರಿದಾಗ ಮಗನ ಹೆಸರು ಹೇಳದೆ ನಿಂತವಳೂ ನಾನು. ಒಂದು ದಿನವೂ ಮಗುವಿನ ಬಟ್ಟೆ ಒಗೆಯದ ನೀನು ಅಮೆರಿಕದಲ್ಲಿ ಆದರ್ಶ ಗಂಡ!

ಫೋನಿನಲ್ಲಿ ಕೇಳಿದರೆ ನೀನು, "ಅಮ್ಮ, ಅಲ್ಲಿಯವ್ರಿಗೆ ಲಾಸ್ಟಿಗೆ ಒಂದು ಹಗ್ ಬೇಕು, ಇಲ್ಲದ್ರೆ ಚಾನೆಲ್ ಚೇಂಜ್ ಮಾಡ್ತಾರೆ" ಅಂದೆ. ಬೇಕಾದರೆ ಅವರವರ ತಾಯಂದಿರನ್ನು ಅಳಿಸಲಿ. ಅದರ ಬೆನ್ನಿಗೇ, "ಈ ಬಾಣಂತನಕ್ಕೂ ಬಂದ್ಬಿಡು, ಸೆಕೆಂಡ್ ಸೀಸನ್‌ಗೆ ಆಗ್ತದೆ" ಎಂದು ನಕ್ಕೆ. ನಾನು ಬಾಕ್ಸ್ ಹಿಲ್‌ಗೆ ಬರುವುದಿಲ್ಲ. ನೀನು ನನ್ನಲ್ಲಿ ಕ್ಷಮೆ ಕೇಳುವುದೂ ಬೇಡ. ಆ ಮಾತನ್ನು ನೀನೇ ಅಗ್ಗ ಮಾಡಿದ್ದೀ.

ಹೊತ್ತಿಗೆ ಸರಿಯಾಗಿ ಉಣ್ಣು. ಕಟೀಲಿನ ಅಮ್ಮ ನಿನಗೆ ಒಳ್ಳೆಯ ಬುದ್ಧಿ ಕೊಡಲಿ.

ನಿನ್ನ ಹೆತ್ತವಳು,
ಪ್ರಫುಲ್ಲಾ

ಇದೊಂದು ಬರೆಯಲು ಉಳಿಯಿತು: ನಿನ್ನೆ ಭವ್ಯಶ್ರೀ ಫೋನ್ ಮಾಡಿದ್ದಳು. "ಮಾಮಿ, ಅಮ್ಮ ಇರ್ತಿದ್ರೆ ಹೆರಿಗೆಗೆ ತವರಿಗೆ ಹೋಗ್ತಿದ್ದೆ. ಈಗ ನಿಮ್ಮಲ್ಲಿಗೇ ಬರ್ತೇನೆ, ಆಗದಾ?" ಎಂದಳು. ಡಾಕ್ಟರು ಒಪ್ಪಿದ್ದಾರಂತೆ. ಮುಂದಿನ ವಾರ ಮೊಮ್ಮಗಳನ್ನೂ ಕರೆದುಕೊಂಡು ಇಲ್ಲಿಗೆ ಬರುತ್ತಾಳೆ. ಇವತ್ತೋ ನಾಳೆಯೋ ನಿನಗೂ ಹೇಳಿಯಾಳು. ನೀನು ಆಸ್ಪತ್ರೆಗೆ ಬಾ, ಮಗುವಿನ ಮುಖ ನೋಡು. ತೊಟ್ಟಿಲು ಹಾಕುವ ದಿನ ಬಂದು ಉಂಡು ಹೋಗು. ಆದರೆ ಬಾಣಂತಿ ಕೋಣೆಯ ಒಂದು ಮಾತೂ ನಿನ್ನ ಕಿವಿಗೆ ಬೀಳದು, ಅವಳು ನನಗೆ ಭಾಷೆ ಕೊಟ್ಟಿದ್ದಾಳೆ. ಎರಡನೇ ಸೀಸನ್ನನ್ನು ನಿನ್ನ ಸ್ವಂತ ತಲೆಯಿಂದ ಬರಿ. ಎಷ್ಟು ಜನ ನಗುತ್ತಾರೋ ನೋಡೋಣ.