ಇವತ್ತು ಜರ್ಮನಿಯ ಮಾತು ಬೇಡ

ಶಾಂಭವಿ,

ಅಪ್ಪನ ಜೊತೆ ಭದ್ರಾವತಿಗೆ ಹೊರಟಿದ್ದೇನೆ. ಸ್ವಯಂ ನಿವೃತ್ತಿಗೆ ಸಹಿ ಹಾಕುತ್ತಾರೆ. ಕಾರ್ಖಾನೆ ಕೆಲಸ ಇವತ್ತಿಗೆ ಮುಗಿಯಿತು. ನಲ್ಲಿ ನೀರು ಬಂದರೆ ಹಂಡೆ ತುಂಬಿಸು ಮಾರಾಯ್ತಿ, ಓದುತ್ತಾ ಮರೆತುಬಿಡಬೇಡ.

ನಿನ್ನ ಎಲ್‌ಎಲ್‌ಎಂ ಬಗ್ಗೆ, ಅದರಲ್ಲಿ ನೀನು ಓದುವ ಹೊರದೇಶದ ಕಾರ್ಮಿಕ ಕಾನೂನಿನ ಬಗ್ಗೆ ನಮಗೆ ಹೆಮ್ಮೆಯೇ. ಆದರೆ ಜರ್ಮನಿಯಲ್ಲಾಗಿದ್ದರೆ ಕಾರ್ಮಿಕರ ಸಮಿತಿಯನ್ನು ಕೇಳದೆ ಯಾರನ್ನೂ ಮನೆಗೆ ಕಳಿಸುವ ಹಾಗಿಲ್ಲ ಅಂತ ಇವತ್ತು ಶುರು ಮಾಡಬೇಡ. ನೀನು ರಜೆಗೆ ಬಂದಾಗಲೆಲ್ಲ ಅದನ್ನು ಕೇಳಿ ಕೇಳಿ ಇಲ್ಲೂ ತಮ್ಮನ್ನು ಒಂದು ಮಾತು ಕೇಳಿಯಾರು ಅಂತ ಅಪ್ಪನಿಗೂ ಒಂದು ಆಸೆ ಹುಟ್ಟಿಬಿಟ್ಟಿತ್ತು.

ಬೆಳಿಗ್ಗೆ ಗಡ್ಡ ಹೆರೆಯುತ್ತಾ ನನ್ನನ್ನು ಕೇಳಿದರು, "ಅಲ್ಲ ಕಣೇ, ಆ ದೇಶದೋರು ಕೆಲಸ ಹೋದ ದಿನ ಮನೆಗೆ ಬಂದು ಮಕ್ಳ ಹತ್ರ ಏನಂತ ಹೇಳ್ತಾರಂತೆ?"

ನೀನು ಇದಕ್ಕೆ ಉತ್ತರ ಹುಡುಕಬೇಡ. ನಾವು ವಾಪಸ್ ಬಂದಾಗ ಅಪ್ಪ ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ನಿಂತು ಊಟಕ್ಕೆ ಕರೆದುಬಿಡು.

ಅಮ್ಮ